ಒಂದೇ ಸರ್‌ನೇಮ್‌ಗೆ ಎರಡು ಲಾಂಛನ: ಯಾವುದು ನಿಜ?

ಇಂಗ್ಲೆಂಡಿನ ನಿಮ್ಮ ಅಳಿಯನ ಸರ್‌ನೇಮ್ ‘ಕುಕ್’. ಆ ಹೆಸರಿನ ಲಾಂಛನವನ್ನು (ಗುರಾಣಿಯ ಆಕಾರದ ಮನೆತನದ ಚಿಹ್ನೆ, ಕೋಟ್ ಆಫ್ ಆರ್ಮ್ಸ್) ಫಲಕದಲ್ಲಿ ಹಾಕಿಸಲು ಕೇಳಿದರೆ ಎರಡು ಅಂಗಡಿಯವರು ಬೇರೆ ಬೇರೆ ತೋರಿಸಿದರು, ಯಾವುದು ನಿಜ ಎಂದು ಕೇಳಿದ್ದೀರಿ. ಕಾರಣ ಇಷ್ಟೇ: ಇಂಗ್ಲೆಂಡಿನಲ್ಲಿ ಲಾಂಛನ ಸರ್‌ನೇಮ್‌ಗೆ ಸೇರಿದ್ದಲ್ಲ. ಅದನ್ನು ಒಬ್ಬ ವ್ಯಕ್ತಿಗೆ ಕೊಡುತ್ತಾರೆ. ಆಮೇಲೆ ಅದು ಮಗ, ಮೊಮ್ಮಗ ಎಂದು ಗಂಡುಸಾಲಿನಲ್ಲಿ ಇಳಿದು ಬರುತ್ತದೆ. ಹೆಸರು ಒಂದೇ ಆದ ಮಾತ್ರಕ್ಕೆ ಹಕ್ಕು ಬರುವುದಿಲ್ಲ. ಆ ಎರಡೂ ಯಾರೋ ಬೇರೆ ಕುಕ್‌ಗಳದ್ದಿರಬಹುದು.

ಮೊದಲು ನಿಮ್ಮ ಅಳಿಯನ ಅಪ್ಪ, ತಾತ, ಮುತ್ತಾತ ಹೀಗೆ ಹಿಂದಕ್ಕೆ ಹೋಗಿ. 1837ರ ಜುಲೈನಿಂದ ಈಚೆಗೆ ಸರ್ಕಾರಿ ಜನನ, ಮದುವೆ, ಮರಣ ದಾಖಲೆಗಳಿವೆ. ಅದಕ್ಕೂ ಹಿಂದಿನದಕ್ಕೆ ಚರ್ಚ್ ರಿಜಿಸ್ಟರ್ ನೋಡಬೇಕು. ಅವು ಶುರುವಾದದ್ದು 1538ರಲ್ಲಿ, ಆದರೆ ಎಷ್ಟೋ ಊರುಗಳಲ್ಲಿ ಹಳೆಯವು ಉಳಿದಿಲ್ಲ. ತಾಳ್ಮೆ ಬೇಕಾಗುವುದು ಇಲ್ಲೇ ಜಾಸ್ತಿ. ಪ್ರತಿ ಹೆಸರಿನ ಜೊತೆ ಊರನ್ನೂ ಬರೆದಿಟ್ಟುಕೊಳ್ಳಿ, ಕುಕ್‌ಗಳು ಬಹಳ ಜನ ಅಲ್ವಾ.

ಆ ಪಟ್ಟಿಯನ್ನು ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್‌ಗೆ ಕಳಿಸಿ. 1484ರಲ್ಲಿ ಶುರುವಾದ ಈ ಸಂಸ್ಥೆಯ ಬಳಿಯೇ ಯಾರಿಗೆ ಯಾವ ಲಾಂಛನ ಎಂಬ ಅಧಿಕೃತ ದಾಖಲೆ ಇರುವುದು. ಹುಡುಕಲು ಶುಲ್ಕವಿದೆ, ಮೊದಲೇ ಕೇಳಿಕೊಳ್ಳಿ. ನಿಮ್ಮ ಅಳಿಯನ ಹಿರಿಯರಿಗೆ ಲಾಂಛನ ಇತ್ತೋ ಇಲ್ಲವೋ ನಾನು ಹೇಳಲಾರೆ. ಬಹುಪಾಲು ಮನೆತನಗಳಿಗೆ ಇರಲಿಲ್ಲ. ಉತ್ತರ ಬರುವವರೆಗೆ ಫಲಕಕ್ಕೆ ಸುಮ್ನೆ ದುಡ್ಡು ಕೊಡಬೇಡಿ.