ಶಟರ್ ಎಸ್ಟಿಮೇಟ್: ಮೂರು ಅಂಗಡಿ, ಮೂರು ಲೆಕ್ಕ

ಪ್ರಶ್ನೆ: ನಮಸ್ಕಾರ ಸರ್. ರಾಜಾಜಿನಗರದಲ್ಲಿ ನಮ್ಮದು 30×40 ಸೈಟಿನ ಮನೆ. ಕಾರು ನಿಲ್ಲಿಸುವ ಜಾಗಕ್ಕೆ 10 ಅಡಿ ಅಗಲ, 8 ಅಡಿ ಎತ್ತರದ ರೋಲಿಂಗ್ ಶಟರ್ ಇದೆ. ಹಾಕಿಸಿ 14 ವರ್ಷ ಆಯ್ತು. ಈಗ ಎತ್ತೋಕೆ ಇಬ್ಬರು ಬೇಕು. ಅರ್ಧಕ್ಕೆ ಬಿಟ್ಟರೆ ಜಾರಿ ಕೆಳಗೆ ಬರುತ್ತದೆ. ಕೆಳಗಿನ ಮೂರು ಪಟ್ಟಿ ತುಕ್ಕು ಹಿಡಿದು ತೂತಾಗಿವೆ. ಮೂರು ಕಡೆ ಕೇಳಿದೆವು. ಒಬ್ಬರು ಚೀಟಿಯಲ್ಲಿ ‘ರಿಪೇರಿ 7,200’ ಎಂದಷ್ಟೇ ಬರೆದುಕೊಟ್ಟರು. ಎರಡನೆಯವರು ಹೊಸ ಶಟರಿಗೆ ಚದರಡಿಗೆ 260 ರೂಪಾಯಿಯಂತೆ 26,000, ಫಿಟ್ಟಿಂಗ್ 3,500, ಅದರ ಮೇಲೆ ಜಿಎಸ್‌ಟಿ ಎಂದರು. ಮೋಟಾರ್ ಬೇಕಾದರೆ 800 ಕೆ.ಜಿ. ಎತ್ತುವಂಥದ್ದು, ಇನ್ನೂ 32,000 ಅಂತೆ. ಮೂರನೆಯವರು ಚದರಡಿಗೆ 310, ಎಲ್ಲ ಸೇರಿ 24,800 ಎಂದರು. ದರ ಜಾಸ್ತಿ, ಮೊತ್ತ ಕಡಿಮೆ! ಇದು ಹೇಗೆ? ರಿಪೇರಿ ಮಾಡಿಸೋದಾ, ಹೊಸದು ಹಾಕಿಸೋದಾ?
— ಗೃಹಿಣಿ, ರಾಜಾಜಿನಗರ

ಉತ್ತರ: ಮೇಡಂ, ಮೊದಲು ಒಗಟು ಬಿಡಿಸೋಣ. 310ರಿಂದ 24,800 ಭಾಗಿಸಿ ನೋಡಿ, 80 ಬರುತ್ತದೆ. ಅಂದರೆ ಮೂರನೆಯವರು ನಿಮ್ಮ ಬಾಗಿಲಿನ ತೆರವನ್ನಷ್ಟೇ ಅಳೆದಿದ್ದಾರೆ, 10×8. ಎರಡನೆಯವರ 26,000 ಭಾಗಿಸಿದರೆ 100 ಚದರಡಿ. ಇವರು ಅಗಲಕ್ಕೆ ಅರ್ಧ ಅಡಿ, ಎತ್ತರಕ್ಕೆ ಒಂದೂವರೆ ಅಡಿ ಸೇರಿಸಿ 10.5×9.5 ಹಿಡಿದಿರಬೇಕು. ಇದು ಮೋಸ ಅಲ್ಲ. ಶಟರಿನ ಎರಡು ಅಂಚು ಪಕ್ಕದ ಗೋಡೆಗೆ ಕೂರಿಸಿದ ಚಾನೆಲ್ ಒಳಗೆ ಕೂರಬೇಕು. ಶಟರ್ ಪೂರ್ತಿ ಇಳಿದಾಗಲೂ ಮೇಲಿನ ಪೈಪಿಗೆ ಒಂದಿಷ್ಟು ಸುತ್ತಿಕೊಂಡೇ ಇರಬೇಕು. ಆ ತಗಡೂ ದುಡ್ಡಿಂದೇ. ಕೆಲವರು ಅದನ್ನು ಅಳತೆಯಲ್ಲಿ ತೋರಿಸುತ್ತಾರೆ, ಕೆಲವರು ದರದಲ್ಲಿ ಮುಚ್ಚಿಡುತ್ತಾರೆ. ಹಾಗಾಗಿ ‘ಚದರಡಿಗೆ ಎಷ್ಟು?’ ಎಂದು ಫೋನಿನಲ್ಲಿ ಕೇಳಿ ಪ್ರಯೋಜನವಿಲ್ಲ. ‘ಯಾವ ಅಳತೆಗೆ?’ ಎಂದು ಜೊತೆಗೇ ಕೇಳಬೇಕು.

ಈಗ ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿ. ಎರಡನೆಯವರದು ಫಿಟ್ಟಿಂಗ್ ಸೇರಿ 29,500. ಅದಕ್ಕೆ ಶೇ 18 ಜಿಎಸ್‌ಟಿ 5,310. ಒಟ್ಟು 34,810. ಮೂರನೆಯವರದು 24,800. ಹತ್ತು ಸಾವಿರ ವ್ಯತ್ಯಾಸ. ಇಷ್ಟು ದುಡ್ಡು ಸುಮ್ನೆ ಯಾರೂ ಬಿಡುವುದಿಲ್ಲ. ಎಲ್ಲೋ ಉಳಿಸಿದ್ದಾರೆ ಎಂದೇ ಅರ್ಥ. ಒಂದೋ ‘ಎಲ್ಲ ಸೇರಿ’ ಎಂಬ ಮಾತಿನೊಳಗೆ ಜಿಎಸ್‌ಟಿ ಇಲ್ಲ, ಇಲ್ಲವೇ ತಗಡು ತೆಳು.

ನನಗೆ ಅನುಮಾನ ತಗಡಿನ ಮೇಲೇ. ನೀವು ಬರೆದಿರುವುದರಲ್ಲಿ ಯಾವ ಅಂಗಡಿಯದಕ್ಕೂ ಗೇಜ್, ಅಂದರೆ ತಗಡಿನ ದಪ್ಪ ಹೇಳುವ ಅಂಕಿ, ಇಲ್ಲ. ಗೇಜ್ ಲೆಕ್ಕ ಉಲ್ಟಾ: ಅಂಕಿ ಹೆಚ್ಚಾದಷ್ಟೂ ತಗಡು ತೆಳು. 18 ಗೇಜ್ ಎಂದರೆ ಸುಮಾರು 1.2 ಮಿ.ಮೀ., 20 ಎಂದರೆ 0.9, 22 ಎಂದರೆ 0.7. ಹದಿನೆಂಟರಿಂದ ಇಪ್ಪತ್ತಕ್ಕೆ ಹೋದರೆ ಕಬ್ಬಿಣದಲ್ಲೇ ಕಾಲು ಭಾಗ ಕಡಿಮೆ. ಬಣ್ಣ ಹೊಡೆದ ಮೇಲೆ ಬರಿಗಣ್ಣಿಗೆ ಎರಡೂ ಒಂದೇ. 10 ಅಡಿ ಅಗಲದ ಶಟರಿಗೆ ನಾನಾದರೆ 18 ಗೇಜನ್ನೇ ಹಾಕಿಸುತ್ತೇನೆ, ತೆಳು ಪಟ್ಟಿ ಕಾರಿನ ಬಂಪರ್ ಒಮ್ಮೆ ತಾಗಿದರೂ ಬಾಗುತ್ತದೆ. ಎಸ್ಟಿಮೇಟಿನಲ್ಲಿ ಗೇಜ್ ಬದಲು ಮಿಲಿಮೀಟರಿನಲ್ಲಿ ಬರೆಸಿ. ಪಟ್ಟಿಗೆ ಎಷ್ಟು, ಮೇಲಿನ ಕವರಿಗೆ ಎಷ್ಟು, ಎರಡೂ ಬೇರೆ ಬೇರೆ. ಮಾಲು ಬಂದ ದಿನ ಕ್ಯಾಲಿಪರ್ (ದಪ್ಪ ಅಳೆಯುವ ಸಾಧನ) ಇಟ್ಟು ಅಂಚು ಅಳೆಯಿರಿ. ಲೋಹದ ರೋಲಿಂಗ್ ಶಟರಿಗೆ ಐಎಸ್ 6248 ಎಂಬ ಭಾರತೀಯ ಮಾನದಂಡವೇ ಇದೆ. ಆ ಸಂಖ್ಯೆ ಹೇಳಿ ಕೇಳಿದರೆ ಎದುರಿನವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ!

ಇಷ್ಟು ಹೇಳಿ, ಈಗ ನಿಜ ವಿಷಯಕ್ಕೆ ಬರುತ್ತೇನೆ. ನಿಮಗೆ ಹೊಸ ಶಟರ್ ಬೇಕು ಎಂದು ನನಗನ್ನಿಸುತ್ತಿಲ್ಲ.

ಅರ್ಧಕ್ಕೆ ಎತ್ತಿ ಕೈ ಬಿಟ್ಟಾಗ ಶಟರ್ ಅಲ್ಲೇ ನಿಂತರೆ ಸ್ಪ್ರಿಂಗ್ ಚೆನ್ನಾಗಿದೆ ಎಂದು ಅರ್ಥ. ನಿಮ್ಮದು ಜಾರುತ್ತಿದೆ. ಮೇಲೆ ಪೈಪಿನಲ್ಲಿರುವ ಸ್ಪ್ರಿಂಗುಗಳು ಬಲ ಕಳೆದುಕೊಂಡಿವೆ, ಇಲ್ಲವೇ ಒಂದು ತುಂಡಾಗಿದೆ. ಶಟರಿನ ಭಾರ ಹೊರುವುದೇ ಅವು. ಅವು ಸೋತರೆ ಪೂರ್ತಿ ಭಾರ ನಿಮ್ಮ ರಟ್ಟೆಗೆ. ‘ಫುಲ್ ಹೋಗಿದೆ ಮೇಡಂ, ಹೊಸದೇ ಹಾಕಿಸಿ’ ಎನ್ನುವವರು ಮೇಲಿನ ಕವರ್ ಬಿಚ್ಚಿ ನೋಡಿದರಾ? ನೋಡದೆ ಬರೆದ ಎಸ್ಟಿಮೇಟನ್ನು ನಾನು ಎಸ್ಟಿಮೇಟ್ ಎಂದು ಕರೆಯುವುದಿಲ್ಲ.

ತುಕ್ಕು ಕೆಳಗಿನ ಮೂರು ಪಟ್ಟಿಗೆ ಮಾತ್ರ ಇದ್ದರೆ ಅದು ವಯಸ್ಸಿನ ತುಕ್ಕಲ್ಲ, ನೀರಿನ ತುಕ್ಕು. ದಿನಾ ಬೆಳಿಗ್ಗೆ ಬಾಗಿಲು ತೊಳೆದು ರಂಗೋಲಿ ಹಾಕುವ ಮನೆಗಳಲ್ಲಿ ಇದು ಮಾಮೂಲು. ಜೊತೆಗೆ ಮಳೆಗಾಲದಲ್ಲಿ ರಸ್ತೆಯಿಂದ ಸಿಡಿಯುವ ನೀರು ಬೇರೆ. ಪಟ್ಟಿಗಳು ಒಂದಕ್ಕೊಂದು ಕೊಂಡಿಯಂತೆ ಸಿಕ್ಕಿಸಿರುತ್ತವೆ. ಚಾನೆಲ್ ಬಿಚ್ಚಿ ಪಕ್ಕಕ್ಕೆ ಎಳೆದರೆ ಕೆಟ್ಟದ್ದಷ್ಟೇ ಹೊರಬರುತ್ತದೆ, ಹೊಸದು ಅದೇ ದಾರಿಯಲ್ಲಿ ಒಳಗೆ ಹೋಗುತ್ತದೆ. ಒಂದೇ ತೊಡಕು: 14 ವರ್ಷದ ಹಿಂದಿನ ಪಟ್ಟಿಯ ಅಗಲ, ಬಾಗು ಈಗಿನದಕ್ಕೆ ಹೊಂದಬೇಕು. ಹೊಂದದಿದ್ದರೆ ಸುತ್ತುವಾಗ ಕಚ್ಚಿಕೊಳ್ಳುತ್ತದೆ. ರಿಪೇರಿಯವರು ಒಂದು ಹಳೆ ತುಂಡು ಒಯ್ದು ಹೋಲಿಸಿ ನೋಡಲಿ. ಎಲ್ಲೂ ಸಿಗದಿದ್ದರೆ, ಅಥವಾ ತುಕ್ಕು ಅರ್ಧ ಎತ್ತರಕ್ಕೆ ಏರಿದ್ದರೆ, ಅಥವಾ ಚಾನೆಲ್ಲೇ ಗೋಡೆಯಿಂದ ಕಿತ್ತು ಬರುತ್ತಿದ್ದರೆ, ಆಗ ಹೊಸದರ ಮಾತು.

ಹಾಗಂತ 7,200ರ ಚೀಟಿಯನ್ನು ಹಾಗೇ ಒಪ್ಪಬೇಡಿ. ‘ರಿಪೇರಿ’ ಒಂದು ಪದ, ಕೆಲಸ ಐದಾರು. ಎಷ್ಟು ಸ್ಪ್ರಿಂಗ್ ಬದಲು, ಎಷ್ಟು ಪಟ್ಟಿ, ಯಾವ ದಪ್ಪ, ಕೆಳಗಿನ ಆಂಗಲ್ ಹೊಸದಾ ಹಳೆಯದಾ, ಬೇರಿಂಗ್ ನೋಡುತ್ತಾರಾ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಹೊಡೆದು ಬಣ್ಣ ಮಾಡುತ್ತಾರಾ, ಎಷ್ಟು ತಿಂಗಳು ಗ್ಯಾರಂಟಿ. ಇಷ್ಟನ್ನೂ ಬರೆಸಿ. ಸ್ಪ್ರಿಂಗ್ ಎಲ್ಲವನ್ನೂ ಒಟ್ಟಿಗೇ ಬದಲಿಸಿ. ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಗಿರಾಕಿಗೆ ಉಳಿತಾಯ ಎಂದು ಮುರಿದ ಒಂದನ್ನೇ ಬದಲಿಸಿದ್ದೆ. ಎರಡೇ ತಿಂಗಳಿಗೆ ಪಕ್ಕದ್ದು ಹೋಯ್ತು. ಎರಡನೇ ಸಲದ ಕೂಲಿ ನನ್ನ ಕೈಯಿಂದಲೇ! ಇನ್ನೊಂದು ಮಾತು, ಮನೆಯ ಗಂಡಸರು ‘ನಾನೇ ನೋಡ್ತೀನಿ’ ಎಂದು ಏಣಿ ಹತ್ತದಿರಲಿ. ಬಿಗಿದಿರುವ ಸ್ಪ್ರಿಂಗ್ ಬಿಚ್ಚಿಕೊಂಡರೆ ಬೆರಳು ಹೋಗುತ್ತದೆ.

ಮೋಟಾರ್ ವಿಚಾರ. 1.2 ಮಿ.ಮೀ. ಸಾದಾ ತಗಡು ಚದರ ಮೀಟರಿಗೆ ಸುಮಾರು 9.4 ಕೆ.ಜಿ. 100 ಚದರಡಿ ಎಂದರೆ 9.3 ಚದರ ಮೀಟರ್, ಅಲ್ಲಿಗೆ 88 ಕೆ.ಜಿ. ಪಟ್ಟಿಯ ಬಾಗು, ಕೆಳಗಿನ ಆಂಗಲ್ ಎಲ್ಲ ಸೇರಿಸಿ ಧಾರಾಳವಾಗಿ ಹಿಡಿದರೂ 130 ದಾಟುವುದು ಕಷ್ಟ. ಅದಕ್ಕೆ 800 ಕೆ.ಜಿ. ಮೋಟಾರ್ ಯಾಕೆ? ತರಕಾರಿ ತರಲು ಲಾರಿ ಕಳಿಸಿದ ಹಾಗಾಯ್ತು. 300 ಕೆ.ಜಿ.ಯದು ಸಾಕು. ನಮ್ಮೂರಿನ ಕರೆಂಟ್ ಗೊತ್ತಲ್ಲ, ಕೈಯಲ್ಲಿ ಎಳೆಯುವ ಚೈನ್ ಇರಲೇಬೇಕು, ಅದು ಬೆಲೆಯೊಳಗೇ ಬರಬೇಕು. ಆದರೆ ಸ್ಪ್ರಿಂಗ್ ಸರಿಯಾದ ಮೇಲೆ ಒಂದೇ ಕೈಯಲ್ಲಿ ಶಟರ್ ಏಳುತ್ತದೆ. ಆಮೇಲೂ ಮೋಟಾರ್ ಬೇಕು ಅನ್ನಿಸಿದರೆ ಹಾಕಿಸಿ.

ಕೊನೆಗೂ ಹೊಸದೇ ಎಂದಾದರೆ ಹಳೆ ಶಟರನ್ನು ಮರೆಯಬೇಡಿ. ತುಕ್ಕು ತಿಂದಿದ್ದರೂ ಅದು ಹಲವು ಹತ್ತು ಕೆ.ಜಿ. ಕಬ್ಬಿಣ. ಬಿಚ್ಚಿದವರು ಆಟೋಗೆ ಹಾಕಿಕೊಂಡು ಹೊರಟೇಬಿಡುತ್ತಾರೆ. ಆ ದಿನದ ಗುಜರಿ ದರಕ್ಕೆ ತೂಗಿ ಬಿಲ್ಲಿನಲ್ಲಿ ಕಳೆಯಲಿ. ಬಿಲ್ ಬೇಡ ಎಂದರೆ ಜಿಎಸ್‌ಟಿ ಬಿಡ್ತೀವಿ ಎನ್ನುವವರೂ ಸಿಗುತ್ತಾರೆ. ಬಿಲ್ ಇಲ್ಲದ ಗ್ಯಾರಂಟಿ ಬರೀ ಬಾಯಿಮಾತು. ಬಿಲ್ಲಿನ ಮೇಲಿನ ಜಿಎಸ್‌ಟಿ ಸಂಖ್ಯೆ 15 ಅಕ್ಷರ-ಅಂಕಿಯದು, ಕರ್ನಾಟಕದ್ದಾದರೆ 29ರಿಂದ ಶುರು. ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ಕಾಣುತ್ತದೆ.

ಪ್ರಶ್ನೆ: ಸರ್ಜಾಪುರ ರಸ್ತೆಯ ವಿಲ್ಲಾ ನಮ್ಮದು. ಹಲಗೆ ಹಲಗೆಯಾಗಿ ಮಡಚಿ ಸೂರಿನ ಕೆಳಗೆ ಹೋಗುವ ಗ್ಯಾರೇಜ್ ಬಾಗಿಲು. ‘ಢಂ’ ಎಂದು ಸದ್ದಾಗಿ ಒಂದು ಸ್ಪ್ರಿಂಗ್ ಮುರಿಯಿತು. ಎರಡನ್ನೂ ಬದಲಿಸಬೇಕು, ಸೆನ್ಸರ್ ಕೂಡ ಹಾಕಬೇಕು ಎನ್ನುತ್ತಾರೆ. ಬಿಲ್ ಏರಿಸುತ್ತಿದ್ದಾರಾ?
— ಐಟಿ ಉದ್ಯೋಗಿ

ಉತ್ತರ: ಇಲ್ಲ, ನಿಮಗೆ ಸಿಕ್ಕವರು ಸರಿಯಾಗಿಯೇ ಹೇಳಿದ್ದಾರೆ. ಇದು ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾದ ಬಾಗಿಲು. ಅಲ್ಲಿ ಇದರ ಸಾದಾ ಸ್ಪ್ರಿಂಗಿಗೆ 10,000 ಸಲದ ಆಯಸ್ಸು ಎಂದು ಲೆಕ್ಕ ಹಾಕುತ್ತಾರೆ. ಒಮ್ಮೆ ತೆಗೆದು ಹಾಕಿದರೆ ಒಂದು ಸಲ. ದಿನಕ್ಕೆ ನಾಲ್ಕು ಸಲ ಎಂದರೆ ಏಳು ವರ್ಷವೂ ಪೂರ್ತಿ ಬರುವುದಿಲ್ಲ. ಎರಡೂ ಒಂದೇ ದಿನ ಹಾಕಿದ್ದು, ಅಷ್ಟೇ ಸಲ ತಿರುಗಿದ್ದು. ಉಳಿದದ್ದಕ್ಕೂ ಕಾಲ ಬಂದಿದೆ. ಹೊಸ ಸ್ಪ್ರಿಂಗ್ ಎಷ್ಟು ಸಲದ್ದು ಎಂದು ಬರೆಸಿಕೊಳ್ಳಿ, ಹೆಚ್ಚು ಬಾಳುವವೂ ಸಿಗುತ್ತವೆ.

ಸೆನ್ಸರ್ ಎಂದರೆ ನೆಲದ ಹತ್ತಿರ ಎರಡು ಬದಿಗೆ ಕೂರುವ ಕಣ್ಣುಗಳು. ನಡುವೆ ಮಗು ಬಂದರೆ ಇಳಿಯುತ್ತಿರುವ ಬಾಗಿಲು ವಾಪಸ್ ಏರುತ್ತದೆ. ಅಮೆರಿಕದಲ್ಲಿ 1993ರಿಂದ ಮನೆಯ ಮೋಟಾರ್ ಬಾಗಿಲುಗಳಿಗೆ ಇಂಥ ರಕ್ಷಣೆ ಕಡ್ಡಾಯ. ಅದೊಂದನ್ನು ಎಸ್ಟಿಮೇಟಿನಿಂದ ಹೊಡೆದುಹಾಕಬೇಡಿ. ಹೊಸ ಸ್ಪ್ರಿಂಗ್ ಕೂರುವವರೆಗೆ ರಿಮೋಟ್ ಒತ್ತಲೂಬೇಡಿ. ಪೂರ್ತಿ ಭಾರ ಎತ್ತಲು ಆ ಮೋಟಾರ್ ಮಾಡಿದ್ದಲ್ಲ. ಸುಟ್ಟರೆ ಬಿಲ್ಲಿನಲ್ಲಿ ಇನ್ನೊಂದು ಸಾಲು ಸೇರುತ್ತದೆ.

ಪ್ರಶ್ನೆ: ಶಟರ್ ಕಿರ್ರೆನ್ನುತ್ತದೆ. ಚಾನೆಲ್ಲಿಗೆ ಹಳೆ ಎಂಜಿನ್ ಆಯಿಲ್ ಹಾಕಬಹುದಾ?
— ದಿನಸಿ ಅಂಗಡಿಯವರು, ಕಾಮಾಕ್ಷಿಪಾಳ್ಯ

ಉತ್ತರ: ಬೇಡ. ಎರಡು ದಿನ ಸದ್ದು ನಿಲ್ಲುತ್ತದೆ. ಆಮೇಲೆ ರಸ್ತೆಯ ಧೂಳೆಲ್ಲ ಎಣ್ಣೆಗೆ ಅಂಟಿ ಹಿಟ್ಟಿನ ಹಾಗೆ ಗಟ್ಟಿಯಾಗುತ್ತದೆ. ಚಾನೆಲ್ಲನ್ನು ಒಣ ಬಟ್ಟೆಯಲ್ಲಿ ಒರೆಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಅದಿಲ್ಲದಿದ್ದರೆ ಒಂದು ಮೇಣದ ಬತ್ತಿ ಉಜ್ಜಿ. ನಿಮ್ಮ ಅಂಗಡಿಯಲ್ಲೇ ಇರುತ್ತದಲ್ಲ.