ಕೇಳಿ, ಹೇಳ್ತೀನಿ: ಅಮೆರಿಕದ ಮೊಮ್ಮಕ್ಕಳು ಫ್ರಾನ್ಸ್‌ಗೆ ಹೊರಟಾಗ

ಹಿಂದೊಮ್ಮೆ ಈ ಅಂಕಣದಲ್ಲಿ ಫ್ರಾನ್ಸ್‌ನ ತುಲೂಸ್ ಊರಿನ ಮಾತು ಬಂದಿತ್ತು. ನನ್ನ ಮಗಳು, ಅಳಿಯ, ಡಲ್ಲಾಸ್‌ನಲ್ಲಿ ಹುಟ್ಟಿದ ಇಬ್ಬರು ಮೊಮ್ಮಕ್ಕಳು ಈಗ ಅಲ್ಲಿದ್ದಾರೆ, ಸರಸ್ವತಿಪುರಂನಿಂದ ನಾನು ಮೂರು ಸಲ ಹೋಗಿಬಂದೆ ಅಂತ ಬರೆದಿದ್ದೆ. ಆಮೇಲೆ ಅದೇ ವಿಷಯಕ್ಕೆ ಪತ್ರಗಳು ಬಂದವು. ಮೂರನ್ನು ಆರಿಸಿಕೊಂಡಿದ್ದೇನೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು, ಫ್ರೆಂಚ್ ಪಂಡಿತೆ ಅಲ್ಲ. ಕಂಡದ್ದನ್ನು ಹೇಳುತ್ತೇನೆ.

ಪ್ರಶ್ನೆ: ಮೇಡಂ, ಮಗ ಸೊಸೆ ನ್ಯೂಜೆರ್ಸಿಯಲ್ಲಿದ್ದಾರೆ. ಈಗ ಮಗನಿಗೆ ತುಲೂಸ್‌ನಲ್ಲಿ ಮೂರು ವರ್ಷದ ಕೆಲಸ. ಮೊಮ್ಮಗನಿಗೆ ಒಂಬತ್ತು, ಮೊಮ್ಮಗಳಿಗೆ ಐದು. ಇಬ್ಬರೂ ಅಮೆರಿಕದಲ್ಲೇ ಹುಟ್ಟಿದವರು, ಪಾಸ್‌ಪೋರ್ಟೂ ಅಲ್ಲಿನದೇ. ಫ್ರೆಂಚ್ ಒಂದಕ್ಷರ ಬಾರದು. ಸರ್ಕಾರಿ ಶಾಲೆಗೇ ಹಾಕ್ತಾರಂತೆ. ನಾವು ಮೊಟ್ಟೆಯನ್ನೂ ಮುಟ್ಟದವರು. ಮನೆಯಲ್ಲಿ ಕನ್ನಡ ಬಿಟ್ಟು ಫ್ರೆಂಚೇ ಆಡಿ ಅಂತ ಯಾರೋ ಬುದ್ಧಿ ಹೇಳಿದ್ದಾರೆ. ನನಗೆ ನಿದ್ದೆ ಇಲ್ಲ. ನಾನೂ ಒಂದಷ್ಟು ದಿನ ಹೋಗಿ ಇರಲೇ? ಏನು ಒಯ್ಯಲಿ?
— ಒಬ್ಬ ಅಜ್ಜಿ, ಮಂಡ್ಯ

ಉತ್ತರ: ಅಕ್ಕ, ಮೊದಲು ಲಾಭದ ಲೆಕ್ಕ ಕೇಳಿ. ನ್ಯೂಜೆರ್ಸಿಗೂ ಮಂಡ್ಯಕ್ಕೂ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ. ಫ್ರಾನ್ಸ್‌ಗೆ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ. ಅಲ್ಲಿ ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟರೆ ನಿಮಗೆ ರಾತ್ರಿ ಎಂಟು, ಇಲ್ಲವೇ ಒಂಬತ್ತು. ಊಟ ಮುಗಿಸಿ ಫೋನ್ ಹಿಡಿದರೆ ಮಕ್ಕಳು ಸಿಗುತ್ತಾರೆ.

ಇನ್ನು ಭಾಷೆ. ನಿಮ್ಮ ಮೊಮ್ಮಗ ಮೊದಲ ಕೆಲವು ತಿಂಗಳು ಶಾಲೆಯಲ್ಲಿ ಬಾಯಿ ಬಿಡದೇ ಇರಬಹುದು. ಗಾಬರಿಯಾಗಬೇಡಿ. ನಮ್ಮವನು ಸೆಪ್ಟೆಂಬರ್‌ನಿಂದ ಕ್ರಿಸ್‌ಮಸ್‌ವರೆಗೆ ಮೂಕನ ಹಾಗೆ ಕೂತಿದ್ದ. ಡಲ್ಲಾಸ್‌ನಲ್ಲಿ ತರಗತಿಗೇ ಹೆಚ್ಚು ಮಾತಾಡುವವನು ಎಂದು ದೂರು ಬರುತ್ತಿದ್ದ ಹುಡುಗ! ಮನೆಗೆ ಬಂದವನು ಶೂ ಬಿಚ್ಚುವ ಮೊದಲೇ ಅಳುತ್ತಿದ್ದ. ಫೆಬ್ರವರಿಯಲ್ಲಿ ಒಂದು ದಿನ ಆಟದ ಅಂಗಳದಲ್ಲಿ ಫುಟ್‌ಬಾಲ್‌ಗೆ ಜಗಳ ಬಿತ್ತು. ಆವತ್ತು ಫ್ರೆಂಚ್ ಹೊರಗೆ ಬಂತು. ಬೈಗುಳದಿಂದಲೇ ಶುರು. ಮಗಳಿಗೆ ನಾಚಿಕೆಯಾಯಿತು, ನಾನು ಮಾತ್ರ ಪಾಯಸ ಮಾಡಿದೆ.

ಹೊಸದಾಗಿ ಬಂದ, ಫ್ರೆಂಚ್ ಬಾರದ ಮಕ್ಕಳಿಗೆ ಅಲ್ಲಿ ಯುಪಿಇ2ಎ ಎನ್ನುವ ವ್ಯವಸ್ಥೆ ಇದೆ. ಒಂದಷ್ಟು ಹೊತ್ತು ಬೇರೆ ಕೂರಿಸಿ ಫ್ರೆಂಚ್ ಕಲಿಸುತ್ತಾರೆ, ಉಳಿದ ಹೊತ್ತು ಎಲ್ಲರ ಜೊತೆ. ಎಲ್ಲ ಶಾಲೆಯಲ್ಲೂ ಇರುವುದಿಲ್ಲ. ಪುರಸಭೆಗೆ ಅಲ್ಲಿ ‘ಮೇರಿ’ ಅನ್ನುತ್ತಾರೆ. ಮಕ್ಕಳ ಹೆಸರು ಬರೆಸುವುದು ಅಲ್ಲೇ. ಆಗಲೇ ಕೇಳಲು ಮಗನಿಗೆ ಹೇಳಿ. ಚಿಕ್ಕವಳದು ಮಾತೆರ್ನೆಲ್, ಅಂದರೆ ನಮ್ಮ ಶಿಶುವಿಹಾರ. 2019ರಿಂದ ಮೂರು ವರ್ಷಕ್ಕೇ ಕಡ್ಡಾಯ. ಅವಳು ಆಡುತ್ತಾ ಹಾಡುತ್ತಾ ಕಲಿತುಬಿಡುತ್ತಾಳೆ. ಅವಳ ಚಿಂತೆ ಬಿಡಿ.

ಕನ್ನಡ ಬಿಡಿ ಎಂದವರ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳಬೇಡಿ. ಫ್ರೆಂಚ್‌ನಲ್ಲಿ ನಮ್ಮ ನೀನು, ನೀವು ಥರ ‘ತ್ಯು’, ‘ವೂ’ ಅಂತ ಎರಡಿದೆ. ಇಂಗ್ಲಿಷ್ ಒಂದೇ ಬಲ್ಲ ಅಮೆರಿಕದ ಮಕ್ಕಳಿಗೆ ಇದು ತಲೆನೋವು, ಅಂಗಡಿಯವರಿಗೂ ತ್ಯು ಅಂದುಬಿಡುತ್ತಾರೆ. ನಮ್ಮವನಿಗೆ ಮಗಳು ಹೇಳಿದ್ದು ಒಂದೇ ಮಾತು: ‘ಅಮ್ಮನಿಗೆ ನೀನು, ಮೇಷ್ಟ್ರಿಗೆ ನೀವು.’ ಅಲ್ಲಿಗೆ ಪಾಠ ಮುಗಿಯಿತು. ಅರ್ಧಂಬರ್ಧ ಕನ್ನಡವೇ ಇಷ್ಟು ಕೆಲಸಕ್ಕೆ ಬಂತು, ನೋಡಿ. ಅಲ್ಲದೆ ಹರಕು ಮುರುಕು ಫ್ರೆಂಚ್ ಆಡುವ ಅಪ್ಪ ಅಮ್ಮನಿಂದ ಮಕ್ಕಳು ಏನು ತಾನೆ ಕಲಿತಾವು? ಅದಕ್ಕೆ ಶಾಲೆ ಇದೆ.

ಚಿಂತೆ ಮಾಡಲೇಬೇಕು ಅಂದರೆ ಇಂಗ್ಲಿಷ್‌ನ ಚಿಂತೆ ಮಾಡಿ. ಮೂರು ವರ್ಷವಾದ ಮೇಲೆ ವಾಪಸ್ ಹೋಗುವ ಮಕ್ಕಳು. ಮಾತು ಉಳಿಯುತ್ತೆ, ಓದು ಬರಹ ಹಿಂದೆ ಬೀಳುತ್ತೆ. ನನ್ನ ಮೊಮ್ಮಗಳು ಮೊದಲು ಓದಲು ಕಲಿತದ್ದು ಫ್ರೆಂಚ್. ಇಂಗ್ಲಿಷ್ ಪುಸ್ತಕದಲ್ಲಿ ‘ಟೇಬಲ್’ ಎಂದಿದ್ದರೆ ‘ತಾಬ್ಲ್’ ಎಂದು ಓದುತ್ತಿದ್ದಳು. ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಓದಿಸಲಿ.

ಒಂದು ವಿಚಿತ್ರ ಗೊತ್ತಾ? ಎಷ್ಟೋ ವಿಷಯದಲ್ಲಿ ಆ ಮಕ್ಕಳಿಗೆ ಫ್ರಾನ್ಸ್ ಹೊಸದು, ನಮಗೆ ಹಳೆಯದು. ಅಮೆರಿಕದಲ್ಲಿ ನೆಲದ ಮಟ್ಟದ ಮಹಡಿಯೇ ಒಂದನೆಯದು. ಫ್ರಾನ್ಸ್‌ನಲ್ಲಿ ನಮ್ಮ ಹಾಗೆ ಅದು ಸೊನ್ನೆ. ಮೊಮ್ಮಗ ಲಿಫ್ಟಿನಲ್ಲಿ ಒಂದು ಒತ್ತಿ ಯಾರದೋ ಮನೆ ಮುಂದೆ ನಿಲ್ಲುತ್ತಿದ್ದ. ತಾರೀಖು ಬರೆಯುವಾಗ ದಿನ ಮೊದಲು, ತಿಂಗಳು ಆಮೇಲೆ. ಹೊರಗೆ 25 ಡಿಗ್ರಿ ಎಂದು ಕೇಳಿ ಅವನು ಸ್ವೆಟರ್ ತರಲು ಓಡಿದ. ಅಮೆರಿಕದಲ್ಲಿ ಬಳಸುವ ಫ್ಯಾರನ್‌ಹೀಟ್‌ನಲ್ಲಿ 25 ಅಂದರೆ ನೀರು ಹೆಪ್ಪುಗಟ್ಟುವ ಚಳಿ! ಇಂಥ ಕಡೆ ಅಜ್ಜಿಯೇ ಗುರು. ಭಾಗಾಕಾರದಲ್ಲಿ ಮಾತ್ರ ನಾನು ಸೋತೆ. ಅಲ್ಲಿ ಭಾಜಕವನ್ನು ಬಲಗಡೆ ಬರೆದು, ಅದರ ಕೆಳಗೆ ಭಾಗಲಬ್ಧ ಬರೆಯುತ್ತಾರೆ. ಮೂರೂವರೆಗೆ ಚುಕ್ಕಿ ಇಲ್ಲ, 3,5 ಅಂತ ಅಲ್ಪವಿರಾಮ. ತೊಂಬತ್ತೊಂಬತ್ತನ್ನು ‘ನಾಲ್ಕು ಇಪ್ಪತ್ತು ಹತ್ತೊಂಬತ್ತು’ ಅನ್ನುತ್ತಾರೆ. ಇಷ್ಟು ವರ್ಷ ಲೆಕ್ಕ ಹೇಳಿಕೊಟ್ಟವಳಿಗೆ ಒಂಬತ್ತು ವರ್ಷದ ಪೋರ ‘ಅಜ್ಜಿ, ತಪ್ಪು’ ಅಂದ.

ಊಟದ ವಿಷಯ ಸ್ವಲ್ಪ ಕಷ್ಟವೇ, ಸುಳ್ಳು ಹೇಳಲಾರೆ. ಅಮೆರಿಕದ ಹಾಗೆ ಡಬ್ಬಿ ಕಟ್ಟಿ ಕಳಿಸುವ ರೂಢಿ ಅಲ್ಲಿಲ್ಲ. ಶಾಲೆಯ ಕ್ಯಾಂಟೀನಿನಲ್ಲಿ ಕೂತು ಉಣ್ಣಬೇಕು. ಮೊದಲು ಸಲಾಡ್ ಅಥವಾ ಸೂಪು, ಆಮೇಲೆ ಮುಖ್ಯ ಊಟ, ಆಮೇಲೆ ಚೀಸ್ ಅಥವಾ ಮೊಸರು, ಕೊನೆಗೆ ಹಣ್ಣೋ ಸಿಹಿಯೋ. ಪುಟ್ಟ ಮಕ್ಕಳೂ ಚಾಕು ಫೋರ್ಕು ಹಿಡಿದು ನಿಧಾನವಾಗಿ ತಿನ್ನುತ್ತವೆ, ನೋಡಲು ಚೆಂದ. 2018ರ ಕಾನೂನಿನ ಪ್ರಕಾರ ವಾರಕ್ಕೆ ಒಂದು ದಿನವಾದರೂ ಮಾಂಸ, ಮೀನು ಇಲ್ಲದ ಊಟ ಕೊಡಬೇಕು. ಆದರೆ ಅದರಲ್ಲಿ ಮೊಟ್ಟೆ ಇರಬಹುದು. ‘ಮೀನು ತಿನ್ತಾನಲ್ವಾ?’ ಎಂದು ಕ್ಯಾಂಟೀನಿನಾಕೆ ನನ್ನ ಮಗಳನ್ನು ಮೂರು ಸಲ ಕೇಳಿದಳು. ಮೊದಲ ವಾರ ನಮ್ಮವನು ಬರೀ ಬ್ರೆಡ್ ತಿಂದು ಬಂದ. ಮಧ್ಯಾಹ್ನದ ಬಿಡುವು ದೊಡ್ಡದು, ಒಂದೂವರೆ ಗಂಟೆಗೂ ಜಾಸ್ತಿ. ಹಾಗಾಗಿ ನಾನಿದ್ದಾಗ ಮನೆಗೇ ಕರೆತರುತ್ತಿದ್ದೆ. ನೀವೂ ಹಾಗೇ ಮಾಡಬಹುದು. ಆದರೆ ದಿನಾ ಬೇಡ. ಮಕ್ಕಳ ಸ್ನೇಹ ಬೆಳೆಯುವುದು ಆ ಊಟದ ಮೇಜಿನಲ್ಲೇ. ಇನ್ನೊಂದು: ರಬ್ಬರಿನ ಹಾಗೆ ಜಗಿಯುವ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತೆ, ಅದು ಪ್ರಾಣಿಗಳಿಂದ ತೆಗೆದದ್ದು. ಪೊಟ್ಟಣ ಓದಿ ಕೊಡಲಿ.

ಶಾಲೆ ಬಿಟ್ಟ ಮೇಲೆ ‘ಗೂತೆ’ ಅಂತ ಒಂದು ತಿಂಡಿ. ಅಲ್ಲಿನ ಮಕ್ಕಳು ಬ್ರೆಡ್ಡಿನ ನಡುವೆ ಚಾಕೊಲೆಟ್ ಇಟ್ಟು ತಿನ್ನುತ್ತವೆ. ನಾನು ಬಾಗೆತ್ ಎನ್ನುವ ಗರಿಗರಿ ಉದ್ದ ಬ್ರೆಡ್ ಸೀಳಿ, ಬೆಣ್ಣೆ ಸವರಿ, ನಿಮ್ಮ ಮಂಡ್ಯದ ಬೆಲ್ಲ ಪುಡಿ ಮಾಡಿ ಉದುರಿಸಿ ಕೊಟ್ಟೆ. ಮಾರನೆಯ ದಿನ ಅವನ ಜೊತೆ ಇನ್ನಿಬ್ಬರು ಬಂದರು. ಹಾಗಾಗಿ ಬೆಲ್ಲ ಒಯ್ಯಿರಿ. ರಾಗಿ ಹಿಟ್ಟು, ಹುಳಿಪುಡಿ ಒಯ್ಯಿರಿ. ತುಪ್ಪ ಬೇಡ. ಹೊರದೇಶದಿಂದ ಹಾಲಿನ ಪದಾರ್ಥ ತರುವಂತಿಲ್ಲ ಎಂಬ ನಿಯಮವಿದೆ. ಅಲ್ಲಿನ ಬೆಣ್ಣೆ ಬಲು ಚೆನ್ನ, ಕಾಯಿಸಿಕೊಂಡರಾಯಿತು. ಪ್ರವಾಸಿ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು, ಟಿಕೆಟ್ ಮಾಡಿಸುವಾಗ ಎಣಿಸಿಕೊಳ್ಳಿ. ಸೆಪ್ಟೆಂಬರ್ ಮೊದಲಲ್ಲಿ ಶಾಲೆ ಶುರು. ಆಗ ಹೋದರೆ ಒಳ್ಳೆಯದು, ಮನೆಯಲ್ಲಿ ಒಂದು ಮಡಿಲು ಬೇಕಾಗುವುದೇ ಆಗ.

ಬೇಕರಿಗೆ ಹೋದರೆ ಮೊದಲು ‘ಬೋಂಜೂರ್’, ಅಂದರೆ ನಮಸ್ಕಾರ, ಅನ್ನಿ. ಅಮೆರಿಕದಲ್ಲಿ ಸುಮ್ನೆ ನಕ್ಕರೆ ನಡೆಯುತ್ತೆ, ಅಲ್ಲಿ ನಡೆಯಲ್ಲ. ಮೊಮ್ಮಗನ ದೊಗಲೆ ಈಜುಚಡ್ಡಿಯನ್ನೂ ಬಿಟ್ಟು ಹೋಗಲಿ. ಸಾರ್ವಜನಿಕ ಕೊಳಗಳಲ್ಲಿ ಮೈಗೆ ಅಂಟುವ ಚಡ್ಡಿಯೇ ಆಗಬೇಕು ಎಂದು ನಮ್ಮವನನ್ನು ಬಾಗಿಲಿಂದ ವಾಪಸ್ ಕಳಿಸಿದ್ದರು. ಅಮೆರಿಕದವರ ದೊಡ್ಡ ಹಬ್ಬವಾದ ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಗುರುವಾರ ಅಲ್ಲಿ ಮಾಮೂಲಿ ಶಾಲೆ. ಅವತ್ತು ಮಕ್ಕಳಿಗೆ ತಮ್ಮ ಊರು ಬಹಳ ನೆನಪಾಗುತ್ತೆ. ನಾವು ಶನಿವಾರ ಮನೆಯಲ್ಲೇ ಮಾಡಿದೆವು. ಟರ್ಕಿ ಕೋಳಿಯ ಜಾಗದಲ್ಲಿ ಕುಂಬಳಕಾಯಿ ಹುಳಿ!

ಕೊನೆಗೆ ಒಂದು ವಿನಂತಿ. ಫೋನಿನಲ್ಲಿ ‘ಎಲ್ಲಿ, ಫ್ರೆಂಚ್ ಮಾತಾಡು ನೋಡೋಣ’ ಅನ್ನಬೇಡಿ. ನಾನು ಅಂದಿದ್ದೆ. ಹುಡುಗ ಎರಡು ವಾರ ಫೋನಿಗೇ ಬರಲಿಲ್ಲ.

ಪ್ರಶ್ನೆ: ತಮ್ಮನ ಮಗಳು ಕ್ಯಾಲಿಫೋರ್ನಿಯಾದಿಂದ ಫ್ರಾನ್ಸ್‌ನ ಲಿಯೋಂಗೆ ಹೋದಳು. ಹೋದ ವರ್ಷ ಆರನೇ ಕ್ಲಾಸ್, ಈ ವರ್ಷ ಐದನೇ ಕ್ಲಾಸಂತೆ! ಗಣಿತದಲ್ಲಿ 20ಕ್ಕೆ 13. ತಮ್ಮ ಏನೋ ಮುಚ್ಚಿಡುತ್ತಿದ್ದಾನೆ ಅನ್ನಿಸುತ್ತೆ.
— ಒಬ್ಬ ಅತ್ತೆ, ಕುವೆಂಪುನಗರ, ಮೈಸೂರು

ಉತ್ತರ: ಏನೂ ಮುಚ್ಚಿಟ್ಟಿಲ್ಲ, ಪಾಪ. ಅಲ್ಲಿ ಹನ್ನೊಂದು ವರ್ಷದಿಂದ ಮೇಲಕ್ಕೆ ತರಗತಿಗಳನ್ನು ಹಿಂದಕ್ಕೆ ಎಣಿಸುತ್ತಾರೆ. ಆರು, ಐದು, ನಾಲ್ಕು, ಮೂರು, ಎರಡು, ಒಂದು, ಕೊನೆಗೆ ‘ತೆರ್ಮಿನಾಲ್’. ರಾಕೆಟ್ ಹಾರಿಸುವ ಹಾಗೆ. ಆರರಿಂದ ಐದಕ್ಕೆ ಬಂದರೆ ಪಾಸಾದಳು ಅಂತ. ಇನ್ನು 13 ಮಾರ್ಕು. ಅಲ್ಲಿ 10 ಬಂದರೆ ತೇರ್ಗಡೆ. ಅವರ ಪಿಯುಸಿ ಎನ್ನಬಹುದಾದ ‘ಬ್ಯಾಕ್’ ಪರೀಕ್ಷೆಯಲ್ಲಿ ಸರಾಸರಿ 12 ಬಂದರೇ ‘ಸಾಕಷ್ಟು ಚೆನ್ನ’, 14ಕ್ಕೆ ‘ಚೆನ್ನ’, 16ಕ್ಕೆ ‘ಬಹಳ ಚೆನ್ನ’ ಎಂಬ ಶರಾ. ನಮ್ಮ ಮನೆಗಳಲ್ಲಿ 20ಕ್ಕೆ 19 ತಂದರೂ ಒಂದು ಎಲ್ಲಿ ಹೋಯ್ತು ಅಂತೀವಿ, ಅಲ್ವಾ? ಹುಡುಗಿಗೆ ಫೋನ್ ಮಾಡಿ ಭೇಷ್ ಅನ್ನಿ.

ಪ್ರಶ್ನೆ: ನನ್ನ ಮಾವನ ಮಗಳು ಶಿಕಾಗೋದಲ್ಲಿ ಹುಟ್ಟಿದ್ದು, ಈಗ ಪ್ಯಾರಿಸ್‌ನಲ್ಲಿದ್ದಾಳೆ. ಅಲ್ಲಿ ಹಲ್ಲು ಬಿದ್ದರೆ ಇಲಿ ಬಂದು ದುಡ್ಡು ಕೊಡುತ್ತೆ ಅಂತಾಳೆ. ರೀಲು ತಾನೆ?
— ಏಳನೇ ತರಗತಿ ಹುಡುಗಿ, ಶ್ರೀರಂಗಪಟ್ಟಣ

ಉತ್ತರ: ರೀಲಲ್ಲ ಪುಟ್ಟಿ. ನಿಮ್ಮೂರಿಗೂ ಫ್ರಾನ್ಸ್‌ಗೂ ಹಳೇ ನಂಟು. 1788ರಲ್ಲೇ ಟಿಪ್ಪುವಿನ ರಾಯಭಾರಿಗಳು ಹದಿನಾರನೇ ಲೂಯಿ ದೊರೆಯನ್ನು ಕಾಣಲು ಹೋಗಿದ್ದರು. ಇಲಿಯ ಸುದ್ದಿ ಮಾತ್ರ ಅವರು ತಂದಂತಿಲ್ಲ! ಅಮೆರಿಕದಲ್ಲಿ ದಿಂಬಿನ ಕೆಳಗಿನ ಹಲ್ಲಿಗೆ ಒಬ್ಬ ಕಿನ್ನರಿ ಬರುತ್ತಾಳೆ. ಫ್ರಾನ್ಸ್‌ನಲ್ಲಿ ‘ಪೆತಿತ್ ಸೂರೀ’, ಅಂದರೆ ಪುಟ್ಟ ಇಲಿ. ನಾವು ಚಿಕ್ಕವರಿದ್ದಾಗ ಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುತ್ತಿದ್ದೆವು, ದುಡ್ಡು ಗಿಡ್ಡು ಏನೂ ಇಲ್ಲ. ನನ್ನ ಮೊಮ್ಮಗಳ ಮೊದಲ ಹಲ್ಲು ತುಲೂಸ್‌ನಲ್ಲಿ ಬಿತ್ತು. ನಾಲ್ಕನೇ ಮಹಡಿ, ಹೆಂಚೂ ಇಲ್ಲ, ಸಗಣಿಯೂ ಇಲ್ಲ. ಅವಳು ಕಿನ್ನರಿಗೆ ಇಂಗ್ಲಿಷ್‌ನಲ್ಲಿ ಒಂದು ಚೀಟಿ, ಇಲಿಗೆ ಫ್ರೆಂಚ್‌ನಲ್ಲಿ ಒಂದು ಚೀಟಿ ಬರೆದು ಎರಡನ್ನೂ ದಿಂಬಿನ ಕೆಳಗಿಟ್ಟು ಮಲಗಿದಳು. ಬೆಳಿಗ್ಗೆ ಎರಡು ನಾಣ್ಯ ಇದ್ದವು. ಒಂದು ಅವರಪ್ಪ ಇಟ್ಟದ್ದು. ಇನ್ನೊಂದು ಯಾರದು ಎಂದು ನಾನು ಹೇಳಲ್ಲ.