ಆಸ್ಪತ್ರೆಯ ದುಭಾಷಿ ಎಷ್ಟು ಪರ್ಸೆಂಟ್ ತಪ್ಪು ಹೇಳ್ತಾರೆ ಅಂತ ಕೇಳೋರಿಗೆ

ಪ್ರಶ್ನೆ: ಮೇಡಂ, ನಾನು ಮಂಗಳೂರಲ್ಲಿ ಪಿಎಚ್‌ಡಿ ಮಾಡ್ತಿದೀನಿ. ಇಲ್ಲಿ ಒಪಿಡಿಯಲ್ಲಿ ಹೊರಗಿಂದ ಬಂದ ಡಾಕ್ಟ್ರಿಗೆ ತುಳು, ಬ್ಯಾರಿ ಬರಲ್ಲ, ಸಿಸ್ಟರೋ ಆಯಾನೋ ರೋಗಿ ಜೊತೆ ಬಂದವರೋ ಮಧ್ಯೆ ನಿಂತು ಹೇಳ್ತಾರೆ. ಅವರು ಎಷ್ಟು ಪರ್ಸೆಂಟ್ ತಪ್ಪು ಹೇಳ್ತಾರೆ ಅಂತ ಕಂಡುಹಿಡೀಬೇಕು. 100 ಜನ ಸಿಸ್ಟರ್‌ಗಳಿಗೆ ಗೂಗಲ್ ಫಾರ್ಮ್ ಕಳಿಸಿದ್ರೆ ಸಾಕಾ?

ಉತ್ತರ: ಸಾಕಾಗಲ್ಲ. ಇದೇ ಪ್ರಶ್ನೆ ಬಳ್ಳಾರಿಯಿಂದ ತೆಲುಗಿನ ಬಗ್ಗೆ, ಬೀದರ್‌ನಿಂದ ಮರಾಠಿ ಬಗ್ಗೆ, ಊರು ಮಾತ್ರ ಬದಲಾಗಿ ಬರ್ತಾನೇ ಇದೆ, ಪ್ರತಿ ಸಲ ಗೂಗಲ್ ಫಾರ್ಮ್ ಜೊತೆಗೇ ಬರುತ್ತೆ, ಹಾಗಾಗಿ ಈ ಸಲ ಹೆಚ್ಚು ಜಾಗ ಇದಕ್ಕೇ. ಫಾರ್ಮ್‌ನಲ್ಲಿ ನಿಮಗೆ ಸಿಗೋದು ಸಿಸ್ಟರ್ ತಮ್ಮ ಕೆಲಸದ ಬಗ್ಗೆ ಏನಂದ್ಕೊಂಡಿದಾರೆ ಅನ್ನೋದಷ್ಟೇ. ಡಾಕ್ಟ್ರು ಕೇಳಿದ್ದರಲ್ಲಿ ಯಾವುದು ರೋಗಿ ಕಿವಿಗೆ ಬೀಳಲೇ ಇಲ್ಲ ಅನ್ನೋದು ಅದರಲ್ಲಿ ಬರಲ್ಲ, ಬಿಟ್ಟವರಿಗೇ ಬಿಟ್ಟಿದ್ದು ಗೊತ್ತಿರಲ್ಲವಲ್ಲ. ರೆಕಾರ್ಡ್ ಮಾಡ್ಲೇಬೇಕು.

ಗ್ಲೆನ್ ಫ್ಲೋರೆಸ್ ಮತ್ತು ಜೊತೆಗಾರರು ಅಮೆರಿಕದ ಮಕ್ಕಳ ಕ್ಲಿನಿಕ್ ಒಂದರಲ್ಲಿ ಮಾಡಿ 2003ರಲ್ಲಿ ಪ್ರಕಟಿಸಿದ ಸ್ಟಡಿ ನೀವು ಓದಿರ್ತೀರಿ. ಸ್ಪ್ಯಾನಿಷ್ ಮಾತಾಡೋ ಮನೆಯವರು, ಇಂಗ್ಲಿಷ್ ಡಾಕ್ಟ್ರು, 13 ಭೇಟಿಗಳ ಆಡಿಯೋ, ಬರೆದಿಳಿಸಿದ್ದು 474 ಪುಟ, ಸಿಕ್ಕ ತಪ್ಪು 396. ಅದರಲ್ಲಿ 52% ಬಿಟ್ಟುಹೋದ ಮಾತು. ಔಷಧದ ಅಲರ್ಜಿ ಇದೆಯಾ ಅನ್ನೋ ಪ್ರಶ್ನೆಯನ್ನೇ ದಾಟಿಸಿಲ್ಲ, ಬಾಯಿಗೆ ಕೊಡಬೇಕಾದ ಅಮಾಕ್ಸಿಸಿಲಿನ್‌ನ ಎರಡೂ ಕಿವಿಗೆ ಹಾಕಿ ಅಂತ ಒಬ್ಬ ತಾಯಿಗೆ ಹೇಳಿದಾರೆ. ದುಭಾಷಿಗಳಲ್ಲಿ 11 ವರ್ಷದ ಮಗುವೂ ಇತ್ತು, ರೋಗಿಯ ಒಡಹುಟ್ಟು.

ಇನ್ನು ನಮ್ಮ ಥೀಸಿಸ್‌ಗಳು ಕೆಡೋ ಜಾಗಕ್ಕೆ ಬರೋಣ. ಅದೇ ಸ್ಟಡಿಯಲ್ಲಿ ಆಸ್ಪತ್ರೆಯ ವೃತ್ತಿ ದುಭಾಷಿಗಳು ಮಾಡಿದ ತಪ್ಪುಗಳಲ್ಲಿ 53%, ಕೈಗೆ ಸಿಕ್ಕವರನ್ನ ನಿಲ್ಲಿಸಿದಾಗ ಆದ ತಪ್ಪುಗಳಲ್ಲಿ 77% ಚಿಕಿತ್ಸೆಗೆ ತೊಂದರೆ ಮಾಡಬಹುದಾದವು. ಇದನ್ನ 'ತರಬೇತಿ ಇಲ್ಲದವರು 77% ತಪ್ಪು ಹೇಳ್ತಾರೆ' ಅಂತ ಒಬ್ಬರು ಬರೀತಾರೆ, ಅದನ್ನ ನೋಡಿ ಮುಂದಿನವರು ಬರೀತಾರೆ. ಅದು ಆದ ತಪ್ಪುಗಳಲ್ಲಿನ ಪಾಲು, ಆಡಿದ ಮಾತಿನ ಪಾಲಲ್ಲ! ಪರ್ಸೆಂಟೇ ಬೇಕು ಅಂದ್ರೆ ದಾಟಿಸಬೇಕಾಗಿದ್ದು ಒಟ್ಟು ಎಷ್ಟಿತ್ತು ಅಂತ ಮೊದಲು ಎಣಿಸಿ, ಡಾಕ್ಟ್ರದ್ದೂ ರೋಗಿದೂ, ಒಂದು ಪ್ರಶ್ನೆ, ಒಂದು ಲಕ್ಷಣ, ಒಂದು ಡೋಸು ಹೀಗೆ. ಪದ ಎಣಿಸೋಕೆ ಹೋಗಬೇಡಿ, ಇಂಗ್ಲಿಷ್‌ನ ನಾಲ್ಕು ಪದ ನಮ್ಮಲ್ಲಿ ಒಂದೇ ಕ್ರಿಯಾಪದಕ್ಕೆ ಮುಗಿಯುತ್ತೆ, ಇಲ್ಲದ ಲೋಪ ಕಾಣಿಸುತ್ತೆ.

ಇನ್ನೊಂದು, 396 ತಪ್ಪು ಅಂದ್ರೆ 396 ಸ್ಯಾಂಪಲ್ ಅಲ್ಲ. ಒಬ್ಬರೇ ಸಿಸ್ಟರ್ ಒಂದೇ ಭೇಟಿಯಲ್ಲಿ ಮಾಡಿದ ತಪ್ಪುಗಳು ಒಂದಕ್ಕೊಂದು ಅಂಟಿಕೊಂಡಿರುತ್ವೆ, ಅವತ್ತು ಅವರಿಗೆ ಸುಸ್ತಾಗಿರಬಹುದು, ಡಾಕ್ಟ್ರು ಫಾಸ್ಟಾಗಿ ಮಾತಾಡಿರಬಹುದು. ನಿಮ್ಮ ಸ್ಯಾಂಪಲ್ ಅಂದ್ರೆ ಭೇಟಿಗಳು, ಇನ್ನೂ ಬಿಗಿಯಾಗಿ ಹೇಳಬೇಕಂದ್ರೆ ದುಭಾಷಿಗಳು. ಥೀಸಿಸ್‌ಗೆ ಡೇಟಾ ಅನಾಲಿಸಿಸ್ ಮಾಡಿಕೊಡ್ತೀವಿ ಅಂತ ಬೋರ್ಡ್ ಹಾಕ್ಕೊಂಡಿರೋರು ಇದನ್ನ ಕೇಳೋದೇ ಇಲ್ಲ, ಎಲ್ಲಾ ತಪ್ಪನ್ನೂ ಒಂದು ಶೀಟ್‌ಗೆ ಸುರಿದು ಕೈ-ಸ್ಕ್ವೇರ್ (ಪ್ರತಿ ತಪ್ಪೂ ಬಿಡಿಬಿಡಿ ಅಂದ್ಕೊಂಡು ಲೆಕ್ಕ ಹಾಕೋ ಸಂಖ್ಯಾಶಾಸ್ತ್ರದ ಪರೀಕ್ಷೆ) ಓಡಿಸಿ 'ಸಿಗ್ನಿಫಿಕೆಂಟ್ ಬಂದಿದೆ', ಅಂದ್ರೆ ವ್ಯತ್ಯಾಸ ಆಕಸ್ಮಿಕ ಅಲ್ಲ ಅಂತ ಕೈಗೆ ಕೊಟ್ಟು ದುಡ್ಡು ತಗೋತಾರೆ. ಅದು ಮೋಸ. ಅವರ ಹತ್ರ ಹೋಗಬೇಡಿ.

ತಪ್ಪು ಗುರುತಿಸೋಕೆ ಆ ಭಾಷೆಗಳೆಲ್ಲ ಬರೋ ಇಬ್ಬರು ಬೇಕು, ಬೇರೆ ಬೇರೆ ಕೂತು ಮಾಡಬೇಕು, ಮಾತಾಡ್ತಿರೋದು ಸಿಸ್ಟರೋ ರೋಗಿಯ ಮಗಳೋ ಅಂತ ಅವರಿಗೆ ಆದಷ್ಟು ತಿಳೀಬಾರದು, ಆಮೇಲೆ ಇಬ್ಬರಿಗೂ ಎಷ್ಟು ತಾಳೆ ಆಯ್ತು ಅಂತ ಕೊಹೆನ್ ಕಪ್ಪಾ ಅನ್ನೋ ಲೆಕ್ಕ ಹಾಕಿ. ಮತ್ತೆ ಸೇರಿಸಿ ಹೇಳಿದ್ದೆಲ್ಲ ತಪ್ಪು ಅಂತ ಮಾರ್ಕ್ ಮಾಡಬೇಡಿ. ಸೆಸಿಲಿಯಾ ವಾಡೆನ್‌ಶೋ ಸ್ವೀಡನ್‌ನಲ್ಲಿ ರಷ್ಯನ್-ಸ್ವೀಡಿಷ್ ಸಂಭಾಷಣೆಗಳನ್ನ ರೆಕಾರ್ಡ್ ಮಾಡಿ ತೋರಿಸಿದ್ದು ಇದನ್ನೇ, ದುಭಾಷಿ ಮಾತು ದಾಟಿಸೋದರ ಜೊತೆ ಯಾರು ಯಾವಾಗ ಮಾತಾಡ್ಬೇಕು ಅನ್ನೋದನ್ನೂ ಸಂಭಾಳಿಸ್ತಾರೆ. 'ಅಜ್ಜಿ, ಸ್ವಲ್ಪ ತಡೀರಿ, ಡಾಕ್ಟ್ರು ಬರ್ಕೊಳ್ತಿದಾರೆ' ಅಂದಿದ್ದು ತಪ್ಪು ಹೇಗಾಗುತ್ತೆ? ಗೌರವದ ರೂಪಗಳಿಗೆ ಬೇರೆ ಕಾಲಂ ಇಡಿ. ಅಮೆರಿಕದ ಕೋರ್ಟ್‌ಗಳಲ್ಲಿ ಸೂಸನ್ ಬರ್ಕ್-ಸೆಲಿಗ್ಸನ್ ಇದನ್ನ ನೋಡಿದಾರೆ, ಸಾಕ್ಷಿಯ ಮಾತಿನ ವಿನಯ ದುಭಾಷಿ ಬಾಯಲ್ಲಿ ಉಳಿದ್ರೆ ಕೇಳಿದವರು ಆ ಸಾಕ್ಷಿಯನ್ನ ಹೆಚ್ಚು ನಂಬಿದ್ರು.

ಎಥಿಕ್ಸ್ ಕಮಿಟಿ ಇಲ್ಲದೆ ಕಾಲಿಡಬೇಡಿ, ಐಸಿಎಂಆರ್‌ನ 2017ರ ಮಾರ್ಗಸೂಚಿ ಓದಿಕೊಂಡು ಹೋಗಿ. ರೋಗಿ ಒಪ್ಪಿದ್ರೆ ಸಾಲದು, ಸಿಸ್ಟರ್, ಡಾಕ್ಟ್ರು, ಜೊತೆಗೆ ಬಂದವರು ಎಲ್ಲರ ಒಪ್ಪಿಗೆಯೂ ಬೇಕು. ಮತ್ತೆ ಆ ಒಪ್ಪಿಗೆ ಪತ್ರವನ್ನ ರೋಗಿಗೆ ತುಳುವಲ್ಲಿ ವಿವರಿಸೋರು ಯಾರು? ನೀವು ಅಳೆಯೋಕೆ ಹೊರಟಿರೋ ಅದೇ ಸಿಸ್ಟರಾ? ಬೇರೆಯವರನ್ನ ಗೊತ್ತು ಮಾಡಿ. ಎಲ್ಲಕ್ಕಿಂತ ಮುಖ್ಯ, ರೆಕಾರ್ಡ್ ಆಗ್ತಿರುವಾಗ ಡೋಸ್ ತಪ್ಪಾಗಿ ಹೋಗಿದ್ದು ನಿಮ್ಮ ಕಿವಿಗೆ ಬಿದ್ರೆ ಸುಮ್ನೆ ಕೂರಬೇಡಿ, ರೋಗಿ ಎದ್ದು ಹೋಗೋ ಮುಂಚೆ ಡಾಕ್ಟ್ರಿಗೆ ಹೇಳಿ. ಡೇಟಾದ ಸಹಜತೆ ಕೆಡುತ್ತೆ ಅನ್ನೋ ಗೈಡ್‌ಗಳಿದಾರೆ, ನಾನು ಒಪ್ಪಲ್ಲ. ಆ ಭೇಟಿ ಲೆಕ್ಕದಿಂದ ಹೋದ್ರೆ ಹೋಗಲಿ.

ಪ್ರಶ್ನೆ: ರೆಕಾರ್ಡಿಂಗ್‌ನ ಎಐ ಆ್ಯಪ್‌ಗೆ ಹಾಕಿ ಬರೆಸಿಕೊಳ್ಳಬಹುದಾ?

ಉತ್ತರ: ಬೇಡ. ತಡವರಿಸಿದ್ದು, ಅರ್ಧಕ್ಕೆ ನಿಲ್ಲಿಸಿದ್ದು ಎಲ್ಲ ಅದು ಒರೆಸಿ ಹಾಕಬಹುದು, ನಿಮಗೆ ಬೇಕಿರೋದೇ ಅದು, ಮೇಲಾಗಿ ರೋಗಿಯ ಕಾಯಿಲೆ ಕತೆ ಯಾವುದೋ ಸರ್ವರ್‌ಗೆ ಹೋಗಬಹುದು.

ಪ್ರಶ್ನೆ: ಸಂವಹನದಲ್ಲಿ 93% ಬಾಡಿ ಲ್ಯಾಂಗ್ವೇಜ್ ಅಂತಾರಲ್ಲ, ಹಾಗಾದ್ರೆ ದುಭಾಷಿಯ ಪದಗಳನ್ನ ಯಾಕೆ ಅಳೀಬೇಕು?

ಉತ್ತರ: ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ನೋಡಿದ್ದು ಬಿಡಿ ಪದಗಳ ಜೊತೆ ದನಿ, ಮುಖಭಾವ ಸೇರಿದಾಗ ಇಷ್ಟ-ಅನಿಷ್ಟ ಹೇಗೆ ತಿಳಿಯುತ್ತೆ ಅನ್ನೋದನ್ನ ಮಾತ್ರ. ಆ 93ರಲ್ಲೂ 38 ದನಿಯದ್ದು. ದಿನಕ್ಕೆ ಎರಡು ಮಾತ್ರೆ ಅನ್ನೋದನ್ನ ಮುಖ ನೋಡಿ ಯಾರೂ ತಿಳ್ಕೊಳಲ್ಲ. ವ್ಯಕ್ತಿತ್ವ ವಿಕಸನದ ಕ್ಲಾಸ್‌ನವರು ಹಬ್ಬಿಸಿದ್ದನ್ನ ಸಿನಾಪ್ಸಿಸ್‌ಗೆ ತರಬೇಡಿ.

ಪ್ರಶ್ನೆ: ಏಕಕಾಲದ ಅನುವಾದದಲ್ಲಿ ಭಾಷಣಕಾರರಿಗಿಂತ ದುಭಾಷಿ ಎಷ್ಟು ಹಿಂದಿದಾರೆ ಅಂತ ಮೊಬೈಲ್ ಸ್ಟಾಪ್‌ವಾಚ್‌ನಲ್ಲಿ ನೋಡಬಹುದಾ?

ಉತ್ತರ: ಆ ಅಂತರ ಸಾಮಾನ್ಯವಾಗಿ ಎರಡರಿಂದ ನಾಲ್ಕು ಸೆಕೆಂಡ್, ನಿಮ್ಮ ಬೆರಳು ತಡ ಮಾಡೋದರಲ್ಲೇ ಅದರ ಒಂದು ಪಾಲು ಹೋಗುತ್ತೆ. ಇಬ್ಬರ ದನಿಯನ್ನೂ ಒಂದೇ ಫೈಲ್‌ನ ಎರಡು ಚಾನೆಲ್‌ಗೆ ಹಾಕಿ, ಪ್ರಾಟ್ ಅನ್ನೋ ಸಾಫ್ಟ್‌ವೇರ್ ಫ್ರೀ ಸಿಗುತ್ತೆ, ಅದರಲ್ಲಿ ಅಲೆ ನೋಡಿ ಅಳೀರಿ.